ದರಗು ಗುಡಿಸುವ ಹೊತ್ತು

ಬೆಳಗ್ಗೆ ಆರೂವರೆಗೆ ಹಿಡಿಸೂಡಿ ಹಿಡಿದು ಅಂಗಳಕ್ಕಿಳಿಯುವುದು ನಿವೃತ್ತಿಯ ಬಳಿಕ ನಾನು ರೂಢಿಸಿಕೊಂಡ ಒಂದೇ ವ್ಯಾಯಾಮ. ಹಲಸು, ಮಾವು, ಗೇರು ಮೂರೂ ಸೇರಿ ರಾತ್ರಿಯಿಡೀ ಉದುರಿಸಿದ ದರಗನ್ನು ಮೂಲೆಗೆ ಸೇರಿಸುವಷ್ಟರಲ್ಲಿ ಗೋಡೆಯಾಚೆಯೂ ಪರಪರ ಸದ್ದು ಏಳುತ್ತದೆ.

"ಚಾಯ ಕುಡಿಚ್ಚೋ ಮಾಷೇ?"

"ಆಯಿತು ಚೇಚಿ."

ಅವರು ಮಲಯಾಳದಲ್ಲಿ ಕೇಳುತ್ತಾರೆ, ನಾನು ಕನ್ನಡದಲ್ಲಿ ಉತ್ತರಿಸುತ್ತೇನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೀಗೆಯೇ ನಡೆದು ಬಂದಿದೆ. ಅನುವಾದ ಬೇಕೆಂದು ಇಬ್ಬರಿಗೂ ಅನಿಸಿದ್ದಿಲ್ಲ.

ಕಾಸರಗೋಡು ಪೇಟೆಯಿಂದ ತುಸು ಆಚೆ, ವಿದ್ಯಾನಗರದ ಒಂದು ಒಳರಸ್ತೆಯಲ್ಲಿ ನಮ್ಮ ಮನೆ. 1957ರಲ್ಲಿ ಆರಂಭವಾದ ಸರಕಾರಿ ಕಾಲೇಜು ಇರುವುದು ಇಲ್ಲಿಯೇ. 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲೆ ಕಲೆಕ್ಟರೇಟೂ ಇಲ್ಲಿ ನೆಲೆಯಾಯಿತು. ಇಂದು ನಮ್ಮ ರಸ್ತೆಯ ತಂಪನ್ನು ಕಂಡವರು "ನೀವು ಪುಣ್ಯವಂತರು" ಎನ್ನುತ್ತಾರೆ. 1988ರಲ್ಲಿ ನಾವು ಮನೆ ಕಟ್ಟಿದಾಗ ಇಲ್ಲಿದ್ದುದು ಬರೀ ಮುರಕಲ್ಲಿನ ಪಾರೆ. ಪಿಕ್ಕಾಸು ಬಿದ್ದಲ್ಲಿ ಕಿಡಿ ಹಾರುತ್ತಿತ್ತು. ಒಂದೊಂದು ಗುಂಡಿಗೂ ಬುಟ್ಟಿಗಟ್ಟಲೆ ಸುಡುಮಣ್ಣು, ಸೊಪ್ಪು ತುಂಬಿಸಿ ನನ್ನಾಕೆ ಗಿಡ ನೆಟ್ಟಳು. ಗೋಡೆಯ ಬದಿಯ ಹಲಸಿಗೆ ಪಾತ್ರೆ ತೊಳೆದ ನೀರು ಹೊಯ್ದು ಬದುಕಿಸಿದವರು ಚೇಚಿ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲ್ಲಿಮೀಟರ್ ಮಳೆ ಸುರಿಯುವ ಊರಾದರೂ ಪಾರೆಯ ಮೇಲೆ ನೀರು ನಿಲ್ಲುವುದಿಲ್ಲ; ಮೇ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ. ಗುಡಿಸಿದ ದರಗನ್ನು ಸುಡದೆ ಬುಡಕ್ಕೇ ಹಾಕುವುದನ್ನು ನಾವು ಕಲಿತದ್ದು ಆ ಕಷ್ಟದಿಂದ.

ನೆರಳು ಬಂತು, ಜತೆಗೆ ಹಕ್ಕಿಗಳೂ ಬಂದವು. ಅವರ ಚೆಂಬೋತ್ತ್ ನಮ್ಮ ಕೆಂಬೂತ, ಅವರ ಪೂವು ನಮ್ಮ ಹೂವು. ಮಾವು ಮಾತ್ರ ಇಬ್ಬರಿಗೂ ಮಾವೇ. ಹಲಸು ಕೊಯ್ದ ದಿನ ನಮ್ಮಲ್ಲಿಂದ ಗುಜ್ಜೆ ಪಲ್ಯ ಆಚೆ ಹೋದರೆ, ಸಂಜೆಗೆ ಅದೇ ಪಾತ್ರೆಯಲ್ಲಿ ಚಕ್ಕಪುಳುಕ್ಕ್ ಬರುತ್ತಿತ್ತು. ಖಾಲಿ ಪಾತ್ರೆ ಗೋಡೆ ದಾಟಿದ್ದು ನನಗೆ ನೆನಪಿಲ್ಲ. ನನ್ನಾಕೆ ತೀರಿಕೊಂಡ ಮೇಲೂ ಪಾತ್ರೆ ಬರುತ್ತಿದೆ. ನಾನು ಅಂಗಡಿಯ ಬಾಳೆಹಣ್ಣು ಹಾಕಿ ಹಿಂತಿರುಗಿಸುತ್ತೇನೆ.

ಹೆದ್ದಾರಿಯ ಕಥೆ ಬೇರೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥವಾಗುವಾಗ ಬದಿಯ ಹಳೆಯ ಮರಗಳು ಉರುಳಿದವು. ರಸ್ತೆ ಅಗಲವಾಗಬೇಕೆಂದವರಲ್ಲಿ ನಾನೂ ಒಬ್ಬ. ಕಾಯಿಲೆ ಬಿದ್ದರೆ ಮಂಗಳೂರಿಗೆ ಓಡುವವರು ತಾನೆ ನಾವು? ಆದರೂ ಬಸ್ಸಿಳಿದು ಬಿಸಿಲಲ್ಲಿ ನಡೆದು ನಮ್ಮ ಒಳರಸ್ತೆಗೆ ತಿರುಗಿದ ಕೂಡಲೇ ಮೈಗೆ ತಾಗುವ ತಂಪಿನ ಬೆಲೆ ಈಗ ಹೆಚ್ಚು ತಿಳಿಯುತ್ತದೆ.

ಮಗನಿರುವುದು ಬೆಂಗಳೂರಿನಲ್ಲಿ. "ಅಪ್ಪಾ, ಮನೆ ಮಾರಿ ಇಲ್ಲಿಗೆ ಬನ್ನಿ. ಇಲ್ಲಿ ಸುತ್ತ ಕನ್ನಡವಾದರೂ ಇದೆಯಲ್ಲ" ಎನ್ನುತ್ತಾನೆ. ಕನ್ನಡ ಮೇಷ್ಟ್ರಾದ ನನಗೆ ಈ ಮಾತು ನಾಟದೆ ಇರುತ್ತದೆಯೇ? ಒಂದು ತಿಂಗಳು ಹೋಗಿ ಇದ್ದೆ. ಏಳನೆಯ ಮಹಡಿ, ಗಾಳಿ ಬೆಳಕು ಯಾವುದಕ್ಕೂ ಕೊರತೆಯಿಲ್ಲ. ಅಂಗಡಿಯ ಬೋರ್ಡುಗಳಲ್ಲಿ ಕನ್ನಡ ಓದಿ ಸಂತೋಷಪಟ್ಟೆ. ಆದರೆ ಮಗ ಸೊಸೆಯನ್ನು ಬಿಟ್ಟರೆ, ಚಹಾ ಆಯಿತೇ ಎಂದು ಆ ತಿಂಗಳಿಡೀ ಯಾರೂ ನನ್ನನ್ನು ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದೆ. ಏಳಲಾಗಲಿಲ್ಲ, ಮಳೆಯ ಸದ್ದಿನಲ್ಲಿ ಕೂಗಿದರೂ ಪ್ರಯೋಜನವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಚೇಚಿ ಗೇಟು ತೆರೆದು ಬಂದರು, ರಿಕ್ಷಾ ಕರೆಸಿದರು. ಆಮೇಲೆ ಕೇಳಿದೆ, "ನಿಮಗೆ ಹೇಗೆ ಗೊತ್ತಾಯಿತು?"

"ಮಳೆ ಬಂದರೂ ಜಗಲಿಯನ್ನಾದರೂ ಗುಡಿಸುವವರು ನೀವು. ಹಿಡಿಸೂಡಿಯ ಸದ್ದೇ ಕೇಳಲಿಲ್ಲ" ಎಂದರು.

ಸುದ್ದಿ ತಿಳಿದ ಮಗ "ನೋಡಿದಿರಾ, ಅದಕ್ಕೇ ಬನ್ನಿ ಅಂದದ್ದು" ಎಂದ. ನಾನು "ನೋಡಿದೆಯಾ, ಅದಕ್ಕೇ ಬರುವುದಿಲ್ಲ ಅಂದದ್ದು" ಎಂದೆ. ಇಬ್ಬರ ಮಾತಿನಲ್ಲೂ ಸತ್ಯವಿದೆ.

ಚೇಚಿಯ ಮಗಳೂ ಕೊಚ್ಚಿಗೆ ಕರೆಯುತ್ತಿದ್ದಾಳಂತೆ. ಏನು ಹೇಳಿದಿರಿ ಎಂದು ನಾನು ಕೇಳಿಲ್ಲ, ಅವರಾಗಿ ಹೇಳಿಲ್ಲ. ಹಲಸು ಈ ಸಲವೂ ಬುಡದಿಂದಲೇ ಕಾಯಿ ಬಿಟ್ಟಿದೆ. ಬೆಳಗ್ಗೆ ಅಂಗಳಕ್ಕಿಳಿದವನು ಗುಡಿಸಲು ಆರಂಭಿಸುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ, ಆಚೆಯ ಸದ್ದು ಕೇಳುವವರೆಗೆ.