ಹೆಸರು ಕೇಳಬೇಡಿ, ಕೆಲಸ ಕೊಟ್ಟು ನೋಡಿ

ಬಿ.ಕಾಂ. ಓದುವವನಿಗೆ ಕಂಪ್ಯೂಟರ್ ಪ್ರೋಗ್ರಾಮಿನ ಗೊಡವೆ ಯಾಕೆ ಎಂದು ಸಂಘದ ಗೆಳೆಯರು ಕೇಳಬಹುದು. ಗೊಡವೆ ತಾನಾಗಿಯೇ ಬಂತು. ಠಾಣೆಯಲ್ಲಿರುವ ನನ್ನ ದೊಡ್ಡಮ್ಮನ ಮಗ, ಅಣ್ಣ, ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಮು ಮಾಡಿಕೊಡುತ್ತಾನೆ. ಸಿ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಮು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೀಬೇಕು. ಕಳೆದ ರಜೆಯಲ್ಲಿ ಅವನು, "ನೀನು ಲೆಕ್ಕಪತ್ರದ ಜನ ಮಾರಾಯ. ಇದರೊಳಗೆ ಇಪ್ಪತ್ತು ವರ್ಷದ ಷರತ್ತುಗಳು ಗುಡ್ಡೆ ಬಿದ್ದಿವೆ. ಯಾವುದಕ್ಕೆ ಜೀವ ಇದೆ, ಯಾವುದಕ್ಕಿಲ್ಲ, ಒಂದು ಸ್ಟಾಕ್ ಪಟ್ಟಿ ಮಾಡಿಕೊಡು" ಎಂದ.

ಷರತ್ತು ಅಂದರೆ ಇಷ್ಟೇ. ನಾವು ಬರೆದದ್ದನ್ನು ಕಂಪೈಲರ್ ಯಂತ್ರಭಾಷೆಗೆ ತಿರುಗಿಸುವ ಮೊದಲು ಪ್ರಿಪ್ರೊಸೆಸರ್ ಎಂಬವನೊಬ್ಬ ಓದಿಕೊಂಡು ಹೋಗುತ್ತಾನೆ. 'ಇಫ್‌ಡೆಫ್' ಎಂದು ಬರೆದು ಮುಂದೆ ಒಂದು ಹೆಸರಿಟ್ಟರೆ, ಆ ಹೆಸರು ಅವನಿಗೆ ಗೊತ್ತಿದ್ದಲ್ಲಿ ಕೆಳಗಿನ ಸಾಲುಗಳನ್ನು ಉಳಿಸುತ್ತಾನೆ, ಇಲ್ಲದಿದ್ದರೆ ಕತ್ತರಿಸಿ ಬಿಸಾಡುತ್ತಾನೆ. ಈ ಹೆಸರುಗಳೇ ಮ್ಯಾಕ್ರೋಗಳು. ಬಿಸಾಡಿದ ಸಾಲುಗಳನ್ನು ಕಂಪೈಲರ್ ಪರೀಕ್ಷಿಸುವುದಿಲ್ಲ. ಒಳಗೆ ತಪ್ಪಿದ್ದರೂ ವರ್ಷಗಟ್ಟಲೆ ಯಾರಿಗೂ ಗೊತ್ತಾಗದು. ಇನ್ನೊಂದು ತಮಾಷೆ: 'ಇಫ್' ಷರತ್ತಿನಲ್ಲಿ ಹೆಸರಿನ ಕಾಗುಣಿತವೇ ತಪ್ಪಿದರೂ ಅವನು ಸಾಮಾನ್ಯವಾಗಿ ಬೈಯುವುದಿಲ್ಲ, ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತಾನೆ. ನಮ್ಮ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಹೇಳಿಯಾದರೂ ಹೇಳುತ್ತದೆ!

ನೋಟ್‌ಬುಕ್ಕಿಗೆ ಗೀಟೆಳೆದು ಕೂತೆ. ಹೆಸರು, ಎಷ್ಟು ಕಡೆ ಬಂದಿದೆ, ಯಾವ ಗಿರಾಕಿಗೆ ಬೇಕು, ಹೀಗೆ ಮೂರು ಕಾಲಂ. ವಿಂಡೋಸ್ 98ರ ಸಾಲುಗಳಿಗೆ ಗಿರಾಕಿಯೇ ಇರಲಿಲ್ಲ. ಅಣ್ಣ ಅಂಗಡಿಗಳಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ತೆಗೆದ. ಆದರೆ 'ವಿನ್32' ಎಂಬುದನ್ನು ಹಳೇ ಸರಕೆಂದು ಹೊಡೆದುಹಾಕುವಂತಿಲ್ಲ. 64 ಬಿಟ್ ವಿಂಡೋಸಿಗೂ ಅದೇ ಹೆಸರು ನಡೆಯುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು. ಲಿನಕ್ಸ್ ಆದರೆ 'ಸ್ಟ್ರ್‌ಎಲ್‌ಕಾಪಿ'ಯನ್ನು ನಾವೇ ಬರೆದುಕೊಳ್ಳಬೇಕು, ಅದಕ್ಕೆ ಬರುವುದಿಲ್ಲ ಎಂದಿತ್ತು. ಅಕ್ಷರಗಳನ್ನು ಜಾಗ ಮೀರದಂತೆ ನಕಲು ಮಾಡುವ ಕೆಲಸ ಅದು. 1998ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಬಂತು. ಲಿನಕ್ಸಿನಲ್ಲಿ ಹೆಚ್ಚಾಗಿ ಬಳಸುವ ಜಿಲಿಬ್‌ಸಿಯಲ್ಲಿ ಬಹಳ ಕಾಲ ಇರಲಿಲ್ಲ, ನಿಜ. ಆದರೆ 2023ರಲ್ಲಿ ಅಲ್ಲಿಗೂ ಬಂತು. ಆಲ್ಪೈನ್ ಎಂಬ ಲಿನಕ್ಸಿನಲ್ಲಿ ಅದಕ್ಕೂ ಮೊದಲೇ ಇತ್ತು. ಅದು ಕಲಿತಾಗಿದೆ; ಷರತ್ತು ಮಾತ್ರ "ಲಿನಕ್ಸಾ? ಬರೋದಿಲ್ಲ" ಎಂದೇ ಹಟ ಹಿಡಿದಿದೆ!

ಕನ್ನಡ ಶಾಲೆಯಲ್ಲಿ ಓದಿ ಈ ಊರಿನ ಕಾಲೇಜಿಗೆ ಬಂದವರಿಗೆ ಈ ಮಾತು ಹೊಸದಲ್ಲ. ಹೋದ ವರ್ಷ ಒಂದು ಆಫೀಸಿಗೆ ಟ್ರೇನಿ ಕೆಲಸ ಕೇಳಲು ಹೋಗಿದ್ದೆ. "ಸ್ಕೂಲ್ ಯಾವ ಮೀಡಿಯಂ?" ಎಂದರು. ಹೇಳಿದೆ. ಫೈಲು ಮುಚ್ಚಿದರು. ಒಂದು ಲೆಜರ್ ಕೊಟ್ಟು ಬ್ಯಾಲೆನ್ಸ್ ತೆಗೆ ಅನ್ನಲಿಲ್ಲ, ಇಂಗ್ಲಿಷಿನಲ್ಲಿ ಒಂದು ಕಾಗದ ಬರಿ ಅನ್ನಲಿಲ್ಲ.

ಪ್ರೋಗ್ರಾಮಿನವರು ಇದಕ್ಕೆ ಮದ್ದು ಕಂಡುಕೊಂಡು ಎಷ್ಟೋ ಕಾಲವಾಯಿತು. 1991ರಲ್ಲಿ ಡೇವಿಡ್ ಮೆಕೆಂಜಿ ಶುರುಮಾಡಿದ ಆಟೋಕಾನ್ಫ್ ಯಂತ್ರದ ಹೆಸರನ್ನಷ್ಟೇ ನಂಬಿ ಕೂರುವುದಿಲ್ಲ. ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಮು ಬರೆದು, ಕಂಪೈಲ್ ಮಾಡಿ ನೋಡುತ್ತದೆ. ಆಯಿತೋ, 'ಇದೆ' ಎಂದು ಗುರುತು ಹಾಕುತ್ತದೆ. ಆಗದಿದ್ದರೆ ಮಾತ್ರ ನಮ್ಮದನ್ನು ಸೇರಿಸುವುದು. 1992ರಲ್ಲಿ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ ಬರೆದ ಪ್ರಬಂಧವಂತೂ ಯಂತ್ರಯಂತ್ರಗಳ ವ್ಯತ್ಯಾಸವನ್ನು ಪ್ರೋಗ್ರಾಮಿನ ತುಂಬ ಚೆಲ್ಲಬೇಡಿ, ಬೇರೆ ಫೈಲುಗಳಲ್ಲಿ ಕಟ್ಟಿಡಿ ಎನ್ನುತ್ತದೆ. ಅಣ್ಣ ಈಗ ಎರಡನ್ನೂ ಮಾಡುತ್ತಿದ್ದಾನೆ.

ಹೆಸರಿನ ಷರತ್ತು ಪೂರ್ತಿ ಹೋಗುವುದಿಲ್ಲ. ವಿಂಡೋಸಿನಲ್ಲಿ ಪ್ರಿಂಟ್ ತೆಗೆಯುವ ದಾರಿ ವಿಂಡೋಸಿನದೇ. ನಾನೂ ಕನ್ನಡ ಶಾಲೆಯವನೇ. ಅದನ್ನು ಅಳಿಸಬೇಕೆಂದು ನನಗಿಲ್ಲ. ಮೊದಲು ನಾಲ್ಕು ಸಾಲಿನ ಪರೀಕ್ಷೆ ಮಾಡಿ ಸ್ವಾಮೀ, ಆಮೇಲೆ ಬೇಕಾದರೆ ಫೈಲು ಮುಚ್ಚಿ.