ಕಪ್ ಯಾರದ್ದು?

ಪ್ರತಿ ವರ್ಷ ಮಾರ್ಚ್ 17ಕ್ಕೆ ನನ್ನ ಫೋನಿಗೆ ಒಂದು ಮೆಸೇಜ್ ಬರುತ್ತದೆ: ‘3–2’. ಕಳಿಸುವವನು ಚೆನ್ನೈನ ನಮ್ಮ ಪಕ್ಕದ ಫ್ಲ್ಯಾಟಿನ ತಮಿಳು ಗೆಳೆಯ. 2018ರ ಆ ದಿನ ಐಎಸ್‌ಎಲ್ ಫೈನಲಿನಲ್ಲಿ ಅವನ ಚೆನ್ನೈಯಿನ್ ಎಫ್‌ಸಿ, ನಮ್ಮದೇ ಕಂಠೀರವದಲ್ಲಿ, ಬೆಂಗಳೂರು ಎಫ್‌ಸಿಯನ್ನು ಸೋಲಿಸಿತ್ತು. ಮೆಸೇಜಿನ ಹಿಂದೆಯೇ ಅವನೂ ಕಾಫಿಗೆ ಬರುತ್ತಾನೆ. ಆಮೇಲೆ ಅದೇ ಹಳೇ ಜಗಳ: ಆಗ ನಮ್ಮ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಗೆದ್ದವರೋ, ಸೋತವರೋ?

ನಾನು ರೋಕಾ ಪರ. ಬಾರ್ಸಿಲೋನಾದಲ್ಲಿ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. 2016ರಲ್ಲಿ ಬೆಂಗಳೂರಿಗೆ ಬಂದ ಕೆಲವೇ ತಿಂಗಳಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲಿಗೆ ಒಯ್ದರು. ಅದಕ್ಕೆ ಮುಂಚೆ ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಹೋಗಿರಲಿಲ್ಲ. ಚೆಂಡನ್ನು ಸುಮ್ಮನೆ ಮುಂದಕ್ಕೆ ಎತ್ತಿ ಒದೆಯದೆ, ಹಿಂದಿನಿಂದಲೇ ಚಿಕ್ಕ ಪಾಸುಗಳಲ್ಲಿ ಆಟ ಕಟ್ಟುವುದನ್ನು ರೂಢಿ ಮಾಡಿಸಿದರು. 2017–18ರ ಲೀಗಿನಲ್ಲಿ 18 ಪಂದ್ಯ, 40 ಅಂಕ. ಎರಡನೇ ಸ್ಥಾನದ ಚೆನ್ನೈಗಿಂತ 8 ಹೆಚ್ಚು.

‘ಐಎಸ್‌ಎಲ್ ಕಪ್ ಎಲ್ಲಿ?’ ಅವನದು ಒಂದೇ ಪ್ರಶ್ನೆ. ಫೆಡರೇಷನ್ ಕಪ್, ಸೂಪರ್ ಕಪ್ ಅಂದರೆ ಕೈಯಾಡಿಸಿ ತಳ್ಳಿಹಾಕುತ್ತಾನೆ. ಫೈನಲಿನಲ್ಲಿ ಚೆನ್ನೈನ ಮೊದಲೆರಡು ಗೋಲುಗಳೂ ಕಾರ್ನರ್‌ನಿಂದ, ಮೈಲ್ಸನ್ ಆಲ್ವೆಸ್ ತಲೆಯಿಂದ ಬಂದವು. ಅಷ್ಟು ಚೆಂದದ ಪಾಸುಗಳ ತಂಡಕ್ಕೆ ಕಾರ್ನರ್ ತಡೆಯಲಾಗಲಿಲ್ಲ. ಅದನ್ನು ನಾನೂ ಒಪ್ಪುತ್ತೇನೆ.

ನನ್ನ ತುರುಪು ಆಮೇಲೆ ಬೀಳುತ್ತದೆ. ಸರಿಯಾಗಿ ಒಂದು ವರ್ಷಕ್ಕೆ, ಮುಂಬೈಯಲ್ಲಿ, ಗೋವಾ ವಿರುದ್ಧ 1–0ರಿಂದ ನಾವು ಕಪ್ ಗೆದ್ದೆವು. ಕೋಚ್ ಕಾರ್ಲೆಸ್ ಕ್ವಾದ್ರಾತ್, ರೋಕಾಗೆ ಸಹಾಯಕರಾಗಿದ್ದವರು. ‘ಕಟ್ಟಿದ್ದು ರೋಕಾ, ಎತ್ತಿದ್ದು ಕ್ವಾದ್ರಾತ್’ ಅನ್ನುತ್ತೇನೆ.

‘ಆ ಗೋಲು ಹೇಗೆ ಬಂತು?’

ಕಾರ್ನರ್. ಹೆಚ್ಚುವರಿ ಅವಧಿಯಲ್ಲಿ, ರಾಹುಲ್ ಭೇಕೆ ತಲೆಯಿಂದ. ಅವನು ನಗುತ್ತಾನೆ.

ಈ ವರ್ಷ ನಗುತ್ತಲೇ ಶೋಕೇಸಿನಲ್ಲಿದ್ದ ಗಾಜಿನ ಫಲಕ ತೋರಿಸಿ ಕೇಳಿದ: ‘ಇದು ಕಟ್ಟಿದ್ದಕ್ಕೋ, ಎತ್ತಿದ್ದಕ್ಕೋ?’

ತಮಾಷೆಗೇ ಕೇಳಿದ್ದು. ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಆ ಬ್ಯಾಂಕಿಂಗ್ ಪ್ರಾಜೆಕ್ಟಿಗೆ ನಾನು ಸೇರಿದ್ದು ಕೊನೆಯ ನಾಲ್ಕು ತಿಂಗಳಿಗೆ. ಅದಕ್ಕೂ ಮುಂಚೆ ಎರಡು ವರ್ಷ ಅದರ ವಿನ್ಯಾಸ, ಟೆಸ್ಟಿಂಗ್ ಶಿಸ್ತು, ಟೀಮು ಎಲ್ಲವನ್ನೂ ಕಟ್ಟಿದವರು ದಾವಣಗೆರೆ ಕಡೆಯ ಒಬ್ಬ ಸೀನಿಯರ್. ತಂದೆ ಹಾಸಿಗೆ ಹಿಡಿದರೆಂದು ಕೆಲಸ ಬಿಟ್ಟು ಊರಿಗೆ ಹೋದರು. ಅವಾರ್ಡಿನ ದಿನ ವೇದಿಕೆ ಮೇಲೆ ನಾನು ಕ್ಲೈಂಟಿಗೆ, ಟೀಮಿಗೆ, ಹೆಂಡತಿಗೆ ಕೃತಜ್ಞತೆ ಹೇಳಿದೆ. ಅವರ ಹೆಸರು ಎತ್ತಲಿಲ್ಲ. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆ ರಾತ್ರಿ ಅವರಿಗೆ ಫೋನ್ ಮಾಡಿದೆ.

‘ಮೇಡಂ, ಆ ಅವಾರ್ಡ್ ನಿಮ್ಮದೂ ಆಗಿತ್ತು. ಅವತ್ತೇ ಹೇಳಬೇಕಿತ್ತು.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಆ ರಾತ್ರಿ ಬ್ಯಾಚ್ ಎರಡು ಗಂಟೆಗೆ ನಿಂತುಹೋಗ್ತಿತ್ತಲ್ಲ, ಕೊನೆಗೆ ಏನಾಯ್ತು?’

‘ಅದನ್ನ ಸರಿಮಾಡಿದೆ ಮೇಡಂ.’

‘ನನ್ ಕೈಲಿ ಆಗಿರ್ಲಿಲ್ಲ ನೋಡಿ. ಹಂಗಾದ್ರೆ ಅಷ್ಟು ನಿಮ್ದು.’