ಒಂದೂವರೆ ಮಿಲಿಮೀಟರ್

ಸವೆದ ಶಾಸನಕ್ಕೆ ಎದುರಿನಿಂದ ಟಾರ್ಚ್ ಹಿಡಿದರೆ ಏನೂ ಕಾಣುವುದಿಲ್ಲ. ಪಕ್ಕದಿಂದ, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವಂತೆ ಹಿಡಿಯಬೇಕು. ಆಗ ಕೊರೆದ ಕಡೆಯಲ್ಲೆಲ್ಲ ಒಂದಿಷ್ಟು ನೆರಳು ನಿಲ್ಲುತ್ತದೆ. ನಾವು ಓದುವುದು ಆ ನೆರಳನ್ನು. ಪಿಎಚ್‌ಡಿಗೆ ಸೇರಿದ ಮೊದಲ ವರ್ಷ, ಶಿಕಾರಿಪುರದ ಕಡೆಯ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಮೇಲಿನ ವೀರಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮ ಗೈಡ್ ಇದನ್ನು ಹೇಳಿಕೊಟ್ಟಿದ್ದರು. ಮೂರು ವರ್ಷದ ಮೇಲೆ ಮೈಸೂರಿನ ಒಂದು ಚರ್ಮರೋಗ ಕ್ಲಿನಿಕ್ಕಿನಲ್ಲಿ ಡಾಕ್ಟರು ಟ್ಯೂಬ್‌ಲೈಟ್ ಆರಿಸಿ, ನನ್ನ ಕೈಗೆ ಕನ್ನಡಿ ಕೊಟ್ಟು, ಸಣ್ಣ ಟಾರ್ಚನ್ನು ಕೆನ್ನೆಗೆ ಪಕ್ಕದಿಂದ ಹಿಡಿದರು. ನನಗೆ ನಗು ಬಂತು. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕನ್ನಡಿಯಲ್ಲಿ ಕಂಡದ್ದು ನಗುವಂಥದ್ದೇನಲ್ಲ. ಹದಿನೈದರಿಂದ ಇಪ್ಪತ್ತೊಂದರವರೆಗೆ ಬಂದು ಹೋದ ಮೊಡವೆಗಳೆಲ್ಲ ಅಲ್ಲಿ ತಮ್ಮ ತಮ್ಮ ಜಾಗವನ್ನು ಗುರುತು ಮಾಡಿಟ್ಟುಕೊಂಡಿದ್ದವು. ಡಾಕ್ಟರು ಒಂದೊಂದನ್ನೇ ತೋರಿಸುತ್ತ ಹೋದರು. ಸೂಜಿ ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದದ್ದು ಐಸ್‌ಪಿಕ್. ಅಂಚು ಕಡಿದಂತಿದ್ದು ತಳ ಚಪ್ಪಟೆಯಾಗಿರುವುದು ಬಾಕ್ಸ್‌ಕಾರ್. ಅಂಚೇ ಇಲ್ಲದೆ ಅಲೆಯಂತೆ ತಗ್ಗಾಗಿರುವುದು ರೋಲಿಂಗ್. ನನಗೆ ಮೂರೂ ಇದ್ದವು. "ನೋಡಿ, ಕಲೆ ಬೇರೆ, ಗುಳಿ ಬೇರೆ. ಕಲೆ ಅಂದ್ರೆ ಬಣ್ಣ, ಅದು ಹೇಗೂ ಹೋಗುತ್ತೆ. ಗುಳಿ ಹೋಗೋದಿಲ್ಲ, ಅದನ್ನ ಒಳಗಿಂದ ತುಂಬಿಸಬೇಕು" ಎಂದರು. ಕನ್ನಡದಲ್ಲಿ ನಾವು ಎರಡಕ್ಕೂ ಕಲೆ ಎಂದೇ ಅನ್ನುತ್ತೇವೆ. (ಆ ಪದದ ಮೇಲಿನ ಶ್ಲೇಷೆಯನ್ನು ಎಲ್ಲರೂ ಮಾಡಿ ಮುಗಿಸಿದ್ದಾರೆ, ನಾನು ಬಿಡುತ್ತೇನೆ.)

ಬಣ್ಣವಲ್ಲ, ನೆರಳು ಎಂದು ತಿಳಿದ ಮೇಲೆ ಎಷ್ಟೋ ಸಂಗತಿಗಳು ಅರ್ಥವಾದವು. ಹಾಸ್ಟೆಲಿನ ಕಿಟಕಿಗೆ ಮುಖಮಾಡಿ ನಿಂತರೆ ನನ್ನ ಮುಖ ಪರವಾಗಿಲ್ಲ ಅನಿಸುತ್ತಿತ್ತು. ವಿಭಾಗದ ಸೆಮಿನಾರ್ ಹಾಲಿನಲ್ಲಿ ನೆತ್ತಿಯ ಮೇಲೆ ಟ್ಯೂಬ್‌ಲೈಟ್. ಅಲ್ಲಿ ಪ್ರಬಂಧ ಮಂಡಿಸಿದ ವಿಡಿಯೊ ನೋಡಿದಾಗ ಇದು ಯಾರದೋ ಮುಖ ಅನಿಸುತ್ತಿತ್ತು. ಕೋವಿಡ್ ಕಾಲದಲ್ಲಿ ಎರಡು ವರ್ಷ ಮಾಸ್ಕ್ ಹಾಕಿಕೊಂಡು ಓಡಾಡಿದಾಗ ಎಲ್ಲರೂ ಉಸಿರುಕಟ್ಟುತ್ತದೆ ಎನ್ನುತ್ತಿದ್ದರು. ನಾನು ಆ ಕಾಲದಲ್ಲಿ ಜನರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಷ್ಟು ಅದಕ್ಕೆ ಮುಂಚೆ ಯಾವಾಗಲೂ ಮಾತಾಡಿರಲಿಲ್ಲ.

ನಮ್ಮ ಅಜ್ಜನ ಮುಖ ನನ್ನದಕ್ಕಿಂತ ಹೆಚ್ಚು ಗುಳಿಬಿದ್ದಿತ್ತು. ಚಿಕ್ಕಂದಿನಲ್ಲಿ ಸಿಡುಬು ಬಂದು ಬದುಕಿದವನು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು. 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹಾಗಾಗಿ ಅಂಥ ಮುಖಗಳು ಈಗ ಕಡಿಮೆಯಾಗುತ್ತ ಬಂದಿವೆ. ಆದರೆ ನಮ್ಮೂರಲ್ಲಿ ಅಜ್ಜನ ಮುಖ ಚೆನ್ನಾಗಿಲ್ಲ ಎಂದು ಯಾರೂ ಅಂದದ್ದು ಕೇಳಿಲ್ಲ. 'ಅಮ್ಮ ಬಂದು ಹೋಗ್ಯಾಳೆ' ಎನ್ನುತ್ತಿದ್ದರು. ಕಾಯಿಲೆಗೆ ಒಂದು ದೇವತೆ ಇದ್ದಳು, ಗುರುತಿಗೆ ಒಂದು ಕಥೆಯಿತ್ತು. ನನ್ನ ಗುಳಿಗಳಿಗೆ ಅಂಥ ಕುಲದೈವ ಯಾವುದೂ ಇಲ್ಲ. 'ಎಣ್ಣೆ ಪದಾರ್ಥ ತಿಂತೀಯಾ', 'ಮುಖ ತೊಳೆಯಲ್ವಾ', 'ಕೈಯಲ್ಲಿ ಚಿವುಟಿಕೊಂಡ್ಯಾ' ಇವಿಷ್ಟೇ ಕಥೆ. ಅಜ್ಜನ ಗುರುತು ಅವನು ಸಾವಿನಿಂದ ಪಾರಾಗಿ ಬಂದದ್ದಕ್ಕೆ ಸಾಕ್ಷಿಯಾಯಿತು, ನನ್ನದು ನನ್ನ ಶಿಸ್ತಿಲ್ಲದ ನಡತೆಗೆ.

ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸಿದ್ದು ಮಾತ್ರ ಇಂಥ ತತ್ವವಲ್ಲ, ಒಂದು ಫೋಟೊ. ಅಮ್ಮ ಮನೆಯಲ್ಲಿ ಹೆಣ್ಣು ಹುಡುಕಲು ಶುರುಮಾಡಿದ್ದಳು. ಊರಿನ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ನನ್ನ ಮುಖ ಉಜ್ಜಿ ಉಜ್ಜಿ ಮೊಟ್ಟೆಯ ಹಾಗೆ ಮಾಡಿಕೊಟ್ಟ. ಆ ಫೋಟೊ ವಾಟ್ಸಾಪಿನಲ್ಲಿ ನನಗಿಂತ ಮೊದಲು ನಾಲ್ಕು ಮನೆ ಸುತ್ತಿ ಬಂತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಚಿಕ್ಕಮ್ಮ ಫೋನಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಅಷ್ಟೇ. ಏನೂ ಅನ್ನಲಿಲ್ಲ, ಉಪ್ಪಿಟ್ಟಿಗೆ ಇನ್ನಷ್ಟು ತುಪ್ಪ ಹಾಕಿದರು. ಆ ಸಂಬಂಧ ಮುಂದುವರಿಯಲಿಲ್ಲ. ಮುಖವೇ ಕಾರಣವೆಂದು ಹೇಳಲಾರೆ. ಫೆಲೋಶಿಪ್ ಯಾವ ತಿಂಗಳು ಬರುತ್ತದೆಂದು ತನಗೇ ಗೊತ್ತಿಲ್ಲದವನಿಗೆ ಹೆಣ್ಣು ಕೊಡಲು ಯಾರಾದರೂ ಹಿಂದೆಮುಂದೆ ನೋಡುತ್ತಾರೆ. ಆದರೆ ಫೋನಿನಿಂದ ನನ್ನ ಮುಖಕ್ಕೆ ಬಂದ ಆ ನೋಟ ನನ್ನೊಳಗೆ ಕೂತುಬಿಟ್ಟಿತು. ಏಳು ತಿಂಗಳ ಫೆಲೋಶಿಪ್ ಬಾಕಿ ಒಟ್ಟಿಗೆ ಬಂದಾಗ, ಪುಸ್ತಕ ಮತ್ತು ಮೆಸ್ ಬಾಕಿ ಕಳೆದು ಉಳಿದದ್ದರಲ್ಲಿ ನಾಲ್ಕು ಸಿಟ್ಟಿಂಗಿನ ಹಣ ಎತ್ತಿಟ್ಟೆ. ಒಂದಕ್ಕೆ 3,500 ರೂಪಾಯಿ. ಗಂಡಸು ಮುಖಕ್ಕೆ ಇಷ್ಟು ಖರ್ಚು ಮಾಡುವುದೇ ಎಂದು ಕೇಳುವವರಿಗೆ ಉತ್ತರ ಸಿದ್ಧವಿರಲಿಲ್ಲ. ಹಾಗಾಗಿ ಯಾರಿಗೂ ಹೇಳಲಿಲ್ಲ.

ಈ ಮೈಕ್ರೋನೀಡ್ಲಿಂಗ್ ಎಂಬುದರ ಹಿಂದಿನ ಲೆಕ್ಕ ವಿಚಿತ್ರವಾದದ್ದು. ಗಾಯ ಸರಿಯಾಗಿ ಮಾಯಲಿಲ್ಲ ಎಂದು ಇನ್ನೊಂದು ಸಲ ಗಾಯ ಮಾಡುವುದು. ಮೊಡವೆ ಬಾತುಕೊಂಡು ಕೀವಾದಾಗ ಚರ್ಮದ ಒಳಪದರದ ಕೊಲಾಜೆನ್ ನಾಶವಾಗುತ್ತದೆ. ಮಾಯುವಾಗ ಕಳೆದುಕೊಂಡಷ್ಟನ್ನು ದೇಹ ತಿರುಗಿ ಕಟ್ಟದಿದ್ದರೆ ಅಲ್ಲಿ ಗುಳಿ. ಕೆಲವು ಕಡೆ ನಾರಿನಂಥ ಎಳೆಗಳು ಚರ್ಮವನ್ನು ಕೆಳಗಿನಿಂದ ಜಗ್ಗಿ ಹಿಡಿದಿರುತ್ತವೆ. 1995ರಲ್ಲಿ ಅಮೆರಿಕದ ಡೇವಿಡ್ ಮತ್ತು ನಾರ್ಮನ್ ಓರೆಂಟ್ರೈಖ್ ಎಂಬ ವೈದ್ಯರು ಸೂಜಿಯನ್ನು ಗುಳಿಯ ಅಡಿಗೆ ತೂರಿಸಿ ಆ ಎಳೆಗಳನ್ನು ಕತ್ತರಿಸುವ ಕ್ರಮವನ್ನು ವಿವರಿಸಿದರು. ಅದನ್ನು ಸಬ್‌ಸಿಶನ್ ಎನ್ನುತ್ತಾರೆ. ನನಗೆ ಹಿಡಿಸಿದ್ದು ಅದರ ನಂತರದ ಕಥೆ. ಕೆನಡಾದ ಕಾಮಿರಾಂಡ್ ಮತ್ತು ಡುಸೆ ಎಂಬ ಇಬ್ಬರು, ಬಿಳಿಚಿದ ಗಾಯದ ಗುರುತುಗಳನ್ನು ಮುಚ್ಚಲು ಚರ್ಮದ ಬಣ್ಣದ ಹಚ್ಚೆ ಹಾಕುತ್ತಿದ್ದರು. ಕಾಲಾಂತರದಲ್ಲಿ ಹಾಕಿದ ಬಣ್ಣ ಮಾಸಿಹೋಯಿತು, ಆದರೆ ಗುರುತುಗಳೂ ಸುಧಾರಿಸಿದ್ದವು. ಹಾಗಾದರೆ ಕೆಲಸ ಮಾಡಿದ್ದು ಬಣ್ಣವಲ್ಲ, ಸೂಜಿ. ಮುಂದೆ ಅವರು ಬಣ್ಣವಿಲ್ಲದೆ ಹಚ್ಚೆಯ ಯಂತ್ರವನ್ನಷ್ಟೇ ಓಡಿಸಿ ನೋಡಿದರು, 1997ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಸುಮಾರಿಗೆ ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ ಸೂಜಿಗಳನ್ನು ಒಂದು ಸಣ್ಣ ಉರುಳೆಗೆ ಕೂರಿಸಿ ಮುಖದ ಮೇಲೆ ಉರುಳಿಸುವ ಸಾಧನ ರೂಪಿಸಿದರು.

ಬಣ್ಣವಿಲ್ಲದ ಹಚ್ಚೆ! ಅಜ್ಜಿ ಇದ್ದಿದ್ದರೆ ನಂಬುತ್ತಿರಲಿಲ್ಲ. ಅವಳ ಮುಂಗೈಯಲ್ಲಿ ಒಂದು ತುಳಸಿಕಟ್ಟೆ, ಅದರ ಕೆಳಗೆ ಸಾಲುಚುಕ್ಕೆ. ಹಾಕುವಾಗ ನೋವು ಮರೆಯಲೆಂದು ಹಚ್ಚೆಯವಳು ಹಾಡು ಹೇಳುತ್ತಿದ್ದಳಂತೆ. ಹತ್ತು ವರ್ಷದ ಹುಡುಗಿಯ ತೋಳನ್ನು ಇಬ್ಬರು ಒತ್ತಿ ಹಿಡಿದಿದ್ದರಂತೆ. ಸತ್ತ ಮೇಲೆ ಜೊತೆಗೆ ಬರುವುದು ಇದೊಂದೇ ಎಂದು ಅವಳು ಅದನ್ನು ಸವರಿಕೊಂಡು ಹೇಳುತ್ತಿದ್ದಳು. ಮೊಮ್ಮಗ ಅದೇ ಸೂಜಿಯನ್ನು ಗುರುತು ಉಳಿಯಲೆಂದಲ್ಲ, ಇರುವ ಗುರುತು ಕಡಿಮೆಯಾಗಲೆಂದು ಚುಚ್ಚಿಸಿಕೊಂಡ.

ಮೊದಲ ಸಿಟ್ಟಿಂಗು ಜನವರಿಯ ಒಂದು ಶನಿವಾರ. ಮುಖಕ್ಕೆ ಲಿಡೊಕೇನ್, ಪ್ರಿಲೊಕೇನ್ ಇರುವ ಕ್ರೀಮು ದಪ್ಪಗೆ ಬಳಿದು, ಮೇಲೆ ಅಡುಗೆಮನೆಯಲ್ಲಿ ಹಣ್ಣಿಗೆ ಸುತ್ತುವಂಥ ತೆಳು ಪ್ಲಾಸ್ಟಿಕ್ ಹಾಳೆ ಹಚ್ಚಿ, ಒಂದು ಗಂಟೆ ಕೂರಿಸಿದರು. ಹೊರಗಿನ ಬೆಂಚಿನಲ್ಲಿ ನನ್ನ ಹಾಗೇ ಮುಖಕ್ಕೆ ಪ್ಲಾಸ್ಟಿಕ್ ಹಚ್ಚಿಸಿಕೊಂಡ ಮತ್ತಿಬ್ಬರಿದ್ದರು. ಒಬ್ಬರು ಬ್ಯಾಂಕಿನ ಉದ್ಯೋಗಿ, ನಲವತ್ತರ ಹತ್ತಿರದವರು. ಇನ್ನೊಬ್ಬಳು ಕಾಲೇಜು ಹುಡುಗಿ, ಜೊತೆಗೆ ಅವಳ ತಾಯಿ. ತುಟಿಯ ಸುತ್ತ ಜೋಮು ಹಿಡಿದಿದ್ದರಿಂದ ಯಾರಿಗೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಆದರೂ ಬ್ಯಾಂಕಿನವರು, "ಎಷ್ಟನೇದು?" ಎಂದು ಕೇಳಿದರು. ಮೊದಲನೇದು ಎಂದೆ. "ನಂದು ಐದು" ಎಂದು ಬೆರಳು ತೋರಿಸಿದರು. ಅವರ ಕೆನ್ನೆಯನ್ನು ನೋಡಬೇಕೆಂಬ ಆಸೆಯನ್ನು ತಡೆದುಕೊಂಡೆ. ಚಿಕ್ಕಮ್ಮನ ನೋಟ ನೆನಪಾಗಿತ್ತು.

ಒಳಗೆ ಕರೆದು ಮಲಗಿಸಿ ಕ್ರೀಮು ಒರೆಸಿದರು, ಸ್ಪಿರಿಟ್ಟಿನಲ್ಲಿ ಒರೆಸಿದರು. ಈಗ ಉರುಳೆಯ ಬದಲು ಪೆನ್ನಿನಂಥ ಯಂತ್ರ. ತುದಿಗೆ 12 ಸೂಜಿಗಳ ಕಾರ್ಟ್ರಿಜ್, ನನ್ನ ಕಣ್ಣೆದುರೇ ಸೀಲು ಒಡೆದು ಹಾಕಿದರು. ಕೆನ್ನೆಗೆ 1.5 ಮಿಲಿಮೀಟರ್ ಆಳ, ಹಣೆಗೆ ಅದಕ್ಕಿಂತ ಕಡಿಮೆ. ಚರ್ಮದ ಮೇಲ್ಪದರ ಮುಖದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಸೂಜಿ ಅದನ್ನು ದಾಟಿ ಕೊಲಾಜೆನ್ ಇರುವ ಪದರ ಮುಟ್ಟಬೇಕು. ಯಂತ್ರ ಗುಂಯ್‌ಗುಡುತ್ತ ಕೆನ್ನೆಯ ಮೇಲೆ ಓಡಿದಾಗ ನೋವಿಗಿಂತ ಹೆಚ್ಚಾಗಿ ಮರಳುಕಾಗದ ತಿಕ್ಕಿದಂಥ ಅನುಭವ. ಹಣೆಗೆ, ಮೇಲ್ದುಟಿಗೆ ಬಂದಾಗ ಮಾತ್ರ ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. "ಸ್ವಲ್ಪ ರಕ್ತ ಜಿನುಗಬೇಕು, ಅಲ್ಲಿವರೆಗೆ ಮಾಡ್ತೀನಿ" ಎಂದರು ಡಾಕ್ಟರು. ಎಳ್ಳಿನಷ್ಟು ರಕ್ತದ ಚುಕ್ಕೆಗಳು. ನರ್ಸಮ್ಮ ತಣ್ಣನೆಯ ಸಲೈನ್ ಹತ್ತಿ ಇಟ್ಟು ಒರೆಸುತ್ತ, "ಆಯ್ತು ಆಯ್ತು, ಇನ್ನೊಂದು ಕೆನ್ನೆ ಅಷ್ಟೇ" ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದರು. ಅಜ್ಜಿಗೆ ಸಿಕ್ಕ ಹಾಡಿನ ಪಾಲು ನನಗೆ ಸಿಕ್ಕಿದ್ದು ಇಷ್ಟು.

ಚುಚ್ಚಿದ ತೂತುಗಳು ಒಂದು ದಿನದೊಳಗೆ ಮುಚ್ಚಿಕೊಳ್ಳುತ್ತವೆ. ಒಳಗಿನ ಕೆಲಸ ಆಗ ಶುರು. ರಕ್ತದ ಪ್ಲೇಟ್‌ಲೆಟ್ಟುಗಳು ಬಿಡುವ ಸಂಕೇತ ಹಿಡಿದು ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಬಂದು ಮೊದಲು ತುರ್ತಿಗೆ ಒಂದು ಬಗೆಯ ಕೊಲಾಜೆನ್ ಹೆಣೆಯುತ್ತವೆ. ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಅದರ ಜಾಗದಲ್ಲಿ ಗಟ್ಟಿಯಾದದ್ದು ಬರುತ್ತದೆ. ಹಾಗಾಗಿ ಒಂದಕ್ಕೂ ಇನ್ನೊಂದಕ್ಕೂ ನಾಲ್ಕರಿಂದ ಆರು ವಾರ ಅಂತರ. ಥೀಸಿಸ್ಸಿನ ಅಧ್ಯಾಯ ಕೊಟ್ಟು ಗೈಡಿನ ಉತ್ತರಕ್ಕೆ ಕಾಯುವ ಅಭ್ಯಾಸ ಇದ್ದವನಿಗೆ ಇದು ಕಷ್ಟವಲ್ಲ.

ಆ ರಾತ್ರಿ ಅಮ್ಮ ವಿಡಿಯೊ ಕಾಲ್ ಮಾಡಿದಳು. ಕ್ಯಾಮೆರಾ ಆಫ್ ಮಾಡುವುದರೊಳಗೆ ನೋಡಿಬಿಟ್ಟಳು. "ಏನೋ ಅದು ಮುಖ ಕೆಂಪಗಾಗೈತೆ? ಯಾರ ಜೊತೆಗಾದ್ರೂ ಹೊಡದಾಡಿದೇನೋ?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಫೋಟೊ ನಾನು ಕಳಿಸಬಾರದಿತ್ತು" ಎಂದಳು. ಅದಕ್ಕಲ್ಲಮ್ಮ ಎಂದೆ. ಅದಕ್ಕೆ ಅಲ್ಲವೇ ಅಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಅದಕ್ಕೇ ಎನ್ನುವುದೂ ನಿಜವಲ್ಲ.

ಲೇಸರ್ ಯಾಕೆ ಬೇಡ ಎಂದು ಎರಡನೇ ಸಲ ಹೋದಾಗ ಕೇಳಿದ್ದೆ. "ನಿಮ್ಮ ಬಣ್ಣಕ್ಕೆ ಇದೇ ಸೇಫ್" ಎಂದರು. ನಮ್ಮಂಥ ಕಂದುಚರ್ಮ ಶಾಖಕ್ಕೆ, ಗಾಯಕ್ಕೆ ಬೇಗ ಕಪ್ಪಿಟ್ಟುಕೊಳ್ಳುತ್ತದೆ. ಗುಳಿ ತುಂಬಿಸಲು ಹೋಗಿ ಕೆನ್ನೆ ತುಂಬ ಕಪ್ಪು ತೇಪೆ ಬರಬಹುದು. ಸೂಜಿ ಮೇಲ್ಪದರವನ್ನು ಸುಡುವುದಿಲ್ಲ, ತೂರಿಕೊಂಡು ಹೋಗುತ್ತದೆ, ಅದರಿಂದ ಆ ಭಯ ಕಡಿಮೆ. ಭಯ ಇಲ್ಲವೇ ಇಲ್ಲ ಎಂದಲ್ಲ, ಬಿಸಿಲಿಗೆ ಸನ್‌ಸ್ಕ್ರೀನ್ ಇಲ್ಲದೆ ಹೋಗಬೇಡಿ ಎಂದು ಎಚ್ಚರಿಸಿದರು. ಹಾಸ್ಟೆಲಿಗೆ ಬಂದು ಓದಿದೆ. ಚರ್ಮವನ್ನು ಹೀಗೆ ವರ್ಗ ಮಾಡುವ ಪಟ್ಟಿಯನ್ನು ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು. ಅದು ಮೊದಲಿಗೆ ಬಿಳಿಯರಿಗಾಗಿ ಮಾಡಿದ ಪಟ್ಟಿ. ಕಂದು ಮತ್ತು ಕಪ್ಪು ಚರ್ಮವನ್ನು ಆಮೇಲೆ 5, 6 ಎಂದು ಕೊನೆಗೆ ಸೇರಿಸಿದರು. ನನ್ನದು 5 ಅಂತೆ. ನಮ್ಮನ್ನು ಪರಿಶಿಷ್ಟದಲ್ಲಿ ಸೇರಿಸುವುದು ಎಲ್ಲ ಕಡೆಯೂ ಇರುವ ರೂಢಿ ಎಂದುಕೊಂಡೆ.

ಶಾಸನ ಓದುವವನ ಹೊಟ್ಟೆಪಾಡೆಲ್ಲ ಆಳದಲ್ಲಿದೆ. ಆಳ ಉಳಿದಿದ್ದರೆ ಒದ್ದೆ ಕಾಗದ ಹಚ್ಚಿ ಬ್ರಷ್ಷಿನಲ್ಲಿ ಬಡಿದು ಮಸಿ ಹಾಕಿದಾಗ ಅಕ್ಷರ ಬೆಳ್ಳಗೆ ಏಳುತ್ತದೆ. ಅದೇ ಮನುಷ್ಯ ತನ್ನ ಮುಖದ ಆಳ ಸವೆಯಲಿ ಎಂದು ತಿಂಗಳುಗಟ್ಟಲೆ ಕಾದ. ನಾಲ್ಕು ಸಿಟ್ಟಿಂಗು, ಎಡಗೆನ್ನೆಗೆ ನಡುವೆ ಒಂದು ಸಬ್‌ಸಿಶನ್. ಡಾಕ್ಟರು ಮೊದಲ ದಿನವೂ ಕೊನೆಯ ದಿನವೂ ಅದೇ ಕುರ್ಚಿ, ಅದೇ ಟಾರ್ಚಿನಲ್ಲಿ ತೆಗೆದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಅಲೆಯಂಥ ತಗ್ಗುಗಳು ಚೆನ್ನಾಗಿ ಮೇಲೆದ್ದಿದ್ದವು. ಚಪ್ಪಟೆ ತಳದವು ಅಂಚು ಕಳೆದುಕೊಂಡು ಮೆದುವಾಗಿದ್ದವು. ಐಸ್‌ಪಿಕ್‌ಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಸೂಜಿಯಂಥ ಗುಳಿಗೆ ಸೂಜಿಯಿಂದ ಪ್ರಯೋಜನ ಕಡಿಮೆ. ಅದಕ್ಕೆ ತೀಕ್ಷ್ಣವಾದ ಆಮ್ಲವನ್ನು ಕಡ್ಡಿಯ ತುದಿಯಲ್ಲಿ ಒಂದೊಂದೇ ಗುಳಿಗೆ ಮುಟ್ಟಿಸುವ ಬೇರೆ ಚಿಕಿತ್ಸೆಯಿದೆ. ಮುಂದಿನ ಕಂತು ಬಂದಾಗ ನೋಡೋಣ ಎಂದು ಎದ್ದು ಬಂದೆ. ವಿಭಾಗದಲ್ಲಿ ಯಾರೂ ಬದಲಾವಣೆ ಗಮನಿಸಲಿಲ್ಲ. ಒಬ್ಬರು "ಸ್ವಲ್ಪ ದಪ್ಪ ಆದಂಗಿದೀಯ" ಎಂದರು. ನನಗೆ ಮಾತ್ರ ಕ್ಷೌರ ಮಾಡಿಕೊಳ್ಳುವಾಗ ರೇಜರು ಮೊದಲಿನಂತೆ ತಡವರಿಸುವುದಿಲ್ಲ ಎಂದು ಕೈಗೆ ಗೊತ್ತಾಗುತ್ತದೆ.

ಮೊನ್ನೆ ಪಕ್ಕದ ರೂಮಿನ ಎಂ.ಎ. ಹುಡುಗ ರಾತ್ರಿ ಹತ್ತರ ಮೇಲೆ ಬಾಗಿಲು ತಟ್ಟಿದ. ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಉರುಳೆ, 540 ಸೂಜಿಗಳದು, ಡಬ್ಬಿ ಇನ್ನೂ ಒಡೆದಿರಲಿಲ್ಲ. "ಅಣ್ಣಾ, ನೀವು ಮಾಡಿಸ್ತೀರಲ್ಲ, ಇದು ಅದೇನಾ?" ಎಂದ. ಹೇಗೆ ಗೊತ್ತಾಯಿತೋ! ಅವನ ಕೆನ್ನೆಯಲ್ಲಿ ಮೊಡವೆಗಳು ಇನ್ನೂ ಕೆಂಪಗೆ ಹಣ್ಣಾಗಿದ್ದವು. ಕೂರಿಸಿ ನನಗೆ ತಿಳಿದದ್ದು ಹೇಳಿದೆ. ಆ ಉರುಳೆಯ ಸೂಜಿ ಅರ್ಧ ಮಿಲಿಮೀಟರು, ಗುಳಿಯ ಬುಡ ಮುಟ್ಟುವುದಿಲ್ಲ. ಕೀವಿರುವ ಮುಖದ ಮೇಲೆ ಓಡಿಸಿದರೆ ಒಂದು ಕಡೆಯದನ್ನು ಹತ್ತು ಕಡೆ ಹಚ್ಚಿದಂತೆ. ಸೂಜಿ ಚೊಕ್ಕಟವಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊದ್ದನ್ನೂ ಹೇಳಿದೆ: ಅಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ, ರಕ್ತ ಹಚ್ಚಿ ಸೂಜಿ ಚುಚ್ಚುವ ಫೇಷಿಯಲ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದನ್ನು ಆ ದೇಶದ ಸಿಡಿಸಿ 2024ರಲ್ಲಿ ವರದಿ ಮಾಡಿತು. ಹುಡುಗ ಡಬ್ಬಿಯನ್ನು ಮಂಚದ ಮೇಲಿಟ್ಟ.

"ಮೊದಲು ಮೊಡವೆ ನಿಲ್ಲಿಸಿಕೋ. ಗುಳಿ ಆಗೋದು ಆಮೇಲೆ, ತಡಮಾಡಿದ್ರೆ. ಸರ್ಕಾರಿ ಆಸ್ಪತ್ರೆಯಲ್ಲೂ ಚರ್ಮದ ಡಾಕ್ಟರು ಇರ್ತಾರೆ" ಎಂದೆ.

"ಮಾತ್ರೆಗೆ ಎಷ್ಟಾಗುತ್ತೆ ಅಣ್ಣಾ?"

ಹೊರರೋಗಿ ವಿಭಾಗದ ಸಮಯ ಹೇಳಿ, ಚೀಟಿಗೆ ಎಷ್ಟು ಹೊತ್ತಿಗೆ ಸಾಲು ನಿಲ್ಲಬೇಕೆಂದು ಹೇಳಿದೆ. ಅವನು ಫೋನಿನಲ್ಲಿ ಬರೆದುಕೊಂಡ. ಉರುಳೆಯನ್ನು ವಾಪಸ್ ಕಳಿಸಲು ಇನ್ನೂ ಎರಡು ದಿನ ಟೈಮಿದೆಯಂತೆ.